ಬಲಗಿವಿಗೆ ಕೊಟ್ಟ ಹಾಡು

ಪುಟ್ಟ ಪರದೆಯ ಮೇಲೆ ನೀಲಿ ಗೆರೆಗಳು ಏರುತ್ತಿವೆ, ಇಳಿಯುತ್ತಿವೆ, ಹನ್ನೆರಡು ಗೆರೆ, ಎಣಿಸಿದೆ, ಎಡಗಡೆಯವು ದಪ್ಪಗೆ ನಿಧಾನ, ಬಲತುದಿಯವು ಚುರುಕಾಗಿ ಕುಣಿಯುತ್ತವೆ, ಅಂದರೆ ಹಾಡು ಶುರುವಾಗಿದೆ, ಗವಿಸಿದ್ದೇಶ್ ಅವರ ಬೆರಳು ಗಾಜಿನ ಕೌಂಟರಿನ ಮೇಲೆ ತಾಳ ಹಾಕುತ್ತಿದೆ, ಅವರ ಎಡಗಿವಿಯಲ್ಲಿ ಇಯರ್‌ಫೋನಿನ ಒಂದು ಗುಂಡಿ, ನನ್ನ ಬಲಗಿವಿಯಲ್ಲಿ ಇನ್ನೊಂದು, ನಡುವೆ ಎರಡು ಗೇಣು ವೈರು, ಅವರ ಕಿವಿಯಲ್ಲಿ ಹಾಡಿದೆ, ನನ್ನದರಲ್ಲಿ ಏನೂ ಇಲ್ಲ — ಇಯರ್‌ಫೋನು ಕೆಟ್ಟಿಲ್ಲ, ನನ್ನ ಬಲಗಿವಿ ಕೆಟ್ಟಿದೆ, ಏಳನೆಯ ವಯಸ್ಸಿಗೇ ಕೆಟ್ಟಿದೆ, ಇದು ಈ ಅಂಗಡಿಯೊಳಗೆ ಗೊತ್ತಿರುವುದು ಮೂವರಿಗೆ, ನನಗೆ, ನನ್ನ ಹಿಂದೆ ನಿಂತ ಅವ್ವನಿಗೆ, ಬಾಗಿಲಲ್ಲಿ ಮಿರ್ಚಿ ಬಜ್ಜಿ ತಿನ್ನುತ್ತ ನಿಂತ ಸೋದರಮಾವ ಜಂಬಣ್ಣನಿಗೆ, ಗೊತ್ತಿರಬೇಕಾದವರಿಗೆ ಗೊತ್ತಿಲ್ಲ, ಇನ್ನು ಇಪ್ಪತ್ತು ದಿನಕ್ಕೆ ನನ್ನ ಗಂಡನಾಗುವ ಇವರಿಗೆ ಗೊತ್ತಿಲ್ಲ, ಇವರವ್ವ ಮರುಳಸಿದ್ದಮ್ಮನವರಿಗೆ ಗೊತ್ತಿಲ್ಲ. ಬೆಳಿಗ್ಗೆಯಿಂದ ಮದುವೆಯ ಜವಳಿ, ಕೊಟ್ಟೂರಿನಿಂದ ನಾವು, ಹಡಗಲಿಯಿಂದ ಅವರು, ನಡುವೆ ಹಗರಿಬೊಮ್ಮನಹಳ್ಳಿಯಲ್ಲಿ ಕೂಡಿ ಸೀರೆ ಆಯಿತು, ಧೋತರ ಆಯಿತು, ಬೀಗರಿಗೆ ಕೊಡುವ ಬಟ್ಟೆ ಆಯಿತು, ಕೊನೆಗೆ ಉಳಿದದ್ದು ಅಳಿಯನಿಗೆ ನಾವು ಕೊಡಿಸಬೇಕಾದ ಕೈಗಡಿಯಾರ, ಅಷ್ಟೊತ್ತಿಗೆ ಇವರು ತಲೆ ಕೆರೆದುಕೊಂಡು, ವಾಚು ಬ್ಯಾಡ್ರಿ ಮಾವಾರ, ಅದರ ಬದಲಿ ಹಾಡು ಕೇಳೋದೊಂದು ಕೊಡಸ್ರಿ ಎಂದರು, ಜಂಬಣ್ಣ ಮಾವ ಗಟ್ಟಿಯಾಗಿ ನಕ್ಕ, ಅಳಿಯಂದ್ರ, ಮದಿವ್ಯಾದಮ್ಯಾಲೆ ಟೈಮು ನೋಡೋ ಕೆಲಸ ಹೆಂಗೂ ನಿಮಗ ಇರಂಗಿಲ್ಲ ಬಿಡ್ರಿ, ಮನಿಗೆ ಯಾವಾಗ ಬರಬೇಕಂತ ನಮ್ಮ ಪುಷ್ಪಲತಾನ ಹೇಳ್ತಾಳ. ಎಲ್ಲರೂ ನಕ್ಕರು, ನಾನೂ ನಕ್ಕೆ, ನಗು ನೋಡಿ ನಗುವುದು ನನಗೆ ರೂಢಿ.

ಹಾಗೆ ಬಂದೆವು ಬಸ್‌ಸ್ಟ್ಯಾಂಡಿನ ಎದುರಿನ ಈ ಅಂಗಡಿಗೆ, ಅರುಣಕುಮಾರ್ ಅಂತ ಇವರ ಕಾಲೇಜಿನ ಗೆಳೆಯ, ಟಿವಿ, ಮೊಬೈಲು, ಟಾರ್ಚು ಮಾರುವವನು, ಇವರು ಮೊದಲೇ ಹೇಳಿಟ್ಟಿದ್ದರಂತೆ, ಬೆಂಗಳೂರಿನಿಂದ ಹಾಡಿನ ಪ್ಲೇಯರು ಎರಡು ತರಿಸಿಟ್ಟಿದ್ದಾನೆ, ಬಿಳಿಯದೊಂದು, ಕರಿಯದೊಂದು, ಬೇಡವಾದದ್ದು ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ಸು ಹೋಗಬೇಕು, ಈಗ ಮೂರೂವರೆ. ಬಿಳಿಯದು ಬೆಂಕಿಪೊಟ್ಟಣಕ್ಕಿಂತ ತೆಳ್ಳಗೆ, ನಾಕು ಸಾವಿರ ಹಾಡು ಹಿಡಿತಾವ, ಆದ್ರ ಹಾಡು ಒತ್ತಿ ಒತ್ತಿ ಸಣ್ಣ ಮಾಡಿ ತುಂಬಿರತೈತಿ ಎಂದ ಅರುಣಕುಮಾರ್, ಈ ಕರೇದರಾಗ ಮುನ್ನೂರು ಹಿಡಿದ್ರ ಹೆಚ್ಚು, ಆದ್ರ ಪೂರಾ ಹಾಡು, ಒಂದು ಎಳೀನೂ ತೆಗದಿಲ್ಲ, ಹೈ ರೆಸಲೂಷನ್ ಅಂತ ಡಬ್ಬಿ ಮ್ಯಾಲೆ ಬರದಾರ ನೋಡ್ರಿ ಅತ್ತಿಗ್ಯಾರ, ತಂಬೂರಿ ನಾಕು ತಂತಿ ನಾಕೂ ಬ್ಯಾರೆ ಬ್ಯಾರೆ ಕೇಳತಾವ. ಇವರು ನನ್ನ ಕಡೆ ತಿರುಗಿ, ನೀವ ಆರಿಸ್ರಿ ಎಂದರು, ನಾ ಆರಿಸಿದ್ರ ನನಗೊಬ್ಬಂವಗ ಆಗತೈತಿ, ನೀವು ಆರಿಸಿದ್ರ ಇಬ್ಬರಿಗೂ. ಕೌಂಟರಿನ ಮುಂದೆ ಎರಡು ತಿರುಗುವ ಸ್ಟೂಲು, ನಾನು ಬೇಗ ಹೋಗಿ ಬಲಗಡೆಯದಕ್ಕೆ ಕೈ ಹಾಕಿದೆ, ಬಲಕ್ಕೆ ನಾನು ಕೂತರೆ ಅವರು ಎಡಕ್ಕೆ, ನನ್ನ ಎಡಗಿವಿ ಅವರ ಪಕ್ಕ, ಎಲ್ಲ ಸರಿಹೋಗುತ್ತಿತ್ತು, ಮರುಳಸಿದ್ದಮ್ಮನವರು ನನ್ನ ಭುಜ ಹಿಡಿದು ಆಚೆಗೆ ಸರಿಸಿದರು, ಅಲ್ಲಲ್ಲವಾ ಯವ್ವಾ, ಎಡಕ್ಕ ಕುಂದ್ರು, ಹೇಣ್ತಿ ಗಂಡನ ಎಡಕ್ಕ ಕುಂದ್ರಬೇಕು, ಹಸಿಮಣಿ ಮ್ಯಾಲೂ ಅದ ಜಾಗ, ಮುಂದೂ ಅದ ಜಾಗ, ಈಗಿಂದ ರೂಢಿ ಮಾಡ್ಕೋ. ಈಗಿಂದ, ಮುಂದೂ. ಅಂದರೆ ಬದುಕಿರುವ ತನಕ ಇವರು ನನ್ನ ಬಲಕ್ಕೆ, ಪೂಜೆಗೆ, ಊಟಕ್ಕೆ, ಮಂದಿಯ ಮದುವೆಗೆ, ಬದುಕಿರುವ ತನಕ ಇವರ ಮಾತು ಬಂದು ಬೀಳುವುದು ಈ ಕಿವಿಗೆ — ಯಾರೂ ಎದ್ದು ಬಂದು ತೆಗೆಯದ ಬಾಗಿಲಿನ ಮುಂದೆ ನಿಂತು ಒಬ್ಬ ಮನುಷ್ಯ ಮಾತಾಡುತ್ತಲೇ ಇರುವುದು ಕಾಣುತ್ತಿದೆ ನನಗೆ.

ಏಳನೆಯ ವಯಸ್ಸಿಗೆ ಮಂಗನಬಾವು ಬಂದಿತ್ತು, ಗದ್ದದ ಕೆಳಗೆ ಎರಡೂ ಕಡೆ ಉಬ್ಬಿ ಅನ್ನ ನುಂಗಲಾಗದೆ ಎಂಟು ದಿನ, ಅಜ್ಜಿ ಕೆಮ್ಮಣ್ಣು ಅರೆದು ಹಚ್ಚಿದಳು, ಬಾವು ಇಳಿಯಿತು, ಬಲಗಿವಿಯೊಳಗೆ ಒಂದು ದಿನ ಕುಯ್ಯೆಂದು ಸದ್ದು, ಆಮೇಲೆ ಆ ಸದ್ದೂ ಇಲ್ಲ, ನರ ಹೋಗಿದೆ ಎಂದರು ಡಾಕ್ಟರು, ಅವ್ವ ಅಂದಿನಿಂದ ನನ್ನ ಬಲಕ್ಕೆ ನಡೆಯತೊಡಗಿದಳು, ಸಂತೆಯಲ್ಲಿ, ಗುಡಿಯಲ್ಲಿ, ಬಸ್ಸಿನಲ್ಲಿ, ಯಾರಾದರೂ ಆ ಕಡೆಯಿಂದ ಕರೆದರೆ ಮೊಣಕೈ ಮುಟ್ಟುತ್ತಾಳೆ, ಒಂದು ಸಲ ಮುಟ್ಟಿದರೆ ತಿರುಗು ಅಂತ, ಎರಡು ಸಲ ಒತ್ತಿದರೆ ಹೂಂ ಅನ್ನು ಅಂತ, ಹದಿನಾರು ವರ್ಷದಿಂದ ನನ್ನ ಬಲಗಿವಿ ಎಂದರೆ ಅವ್ವ ನಾಗಲಿಂಗಮ್ಮ. ಕಾಲೇಜಿನಲ್ಲಿ ಬಲತುದಿಯ ಬೆಂಚು ಹಿಡಿದು ಬಿ.ಎ. ಮುಗಿಸಿದೆ, ಗರ್ವದವಳು ಎಂದರು ಹುಡುಗಿಯರು, ಕರೆದರೂ ನೋಡಂಗಿಲ್ಲ ಎಂದರು, ಗರ್ವವೇ ಇರಲಿ ಎಂದು ಸುಮ್ಮನಿದ್ದೆ, ಕಿವುಡಿಗಿಂತ ಗರ್ವ ವಾಸಿ. ಇವರು ಹೆಣ್ಣು ನೋಡಲು ಬಂದ ದಿನ ಜಂಬಣ್ಣ ಮಾವ ಮುಂಚೆಯೇ ಬಂದು ಜಮಖಾನೆ ಎಳೆದು ಎಳೆದು ನನ್ನ ಜಾಗ ಗೊತ್ತು ಮಾಡಿದ, ಬಲಗಡೆ ಗ್ವಾಡಿ ಇರಲಿ, ಗ್ವಾಡಿ ಏನೂ ಕೇಳಂಗಿಲ್ಲ, ಹೇಳಂಗೂ ಇಲ್ಲ ಎಂದ, ಹೇಳಿಬಿಡೋಣ ಮಾವ ಎಂದೆ, ಹುಚ್ಚಿ ಅದಿ ಏನು, ಒಂದು ಕಿವಿ ಕೇಳತೈತಲ್ಲ, ಒಂದು ಬಾಯಿಗೆ ಒಂದು ಕಿವಿ ಸಾಕು, ಎರಡು ಸಂಬಂಧ ಇದಕ್ಕ ಮುರದು ಹೋಗ್ಯಾವ, ಮೂರನೇದೂ ಹೋಗಲಿ ಅಂತಿ ಏನು. ಅವತ್ತು ಇವರು ಏನೋ ಕೇಳಿದರು, ನಾನು ಎಡಗಿವಿ ಮುಂದಾಗುವಂತೆ ತಲೆ ವಾಲಿಸಿ ಕೇಳಿದೆ, ಅಷ್ಟೇ, ಅದಕ್ಕೇ ಒಪ್ಪಿದರಂತೆ, ಮನೆಗೆ ಹೋಗಿ ಅವರವ್ವನಿಗೆ ಹೇಳಿದರಂತೆ, ಆ ಹುಡುಗಿ ತಲಿ ವಾಲಿಸಿ ಕೇಳ್ತಾಳ ನೋಡು, ಹಾಡು ಗೊತ್ತಿರೋರು ಹಂಗ ಕೇಳ್ತಾರ, ಅಕಿಗೆ ಕಿವಿ ಐತಿ. ಅಕಿಗೆ ಕಿವಿ ಐತಿ — ಮರುಳಸಿದ್ದಮ್ಮನವರು ಇದನ್ನು ಹೆಮ್ಮೆಯಿಂದ ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದಾಗ ಅವ್ವ ಚಹಾದ ತಟ್ಟೆ ಹಿಡಿದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

ಫೋನಿನಲ್ಲಾದರೂ ಹೇಳಬಹುದಿತ್ತು. ಎರಡು ತಿಂಗಳಿಂದ ಭಾನುವಾರ ಬೆಳಿಗ್ಗೆ ಫೋನು, ಫೋನಿನಲ್ಲಿ ನನಗೆ ಕೊರತೆ ಇಲ್ಲ, ರಿಸೀವರು ಎಡಗಿವಿಗೆ ಇಟ್ಟರೆ ಲೋಕದಲ್ಲಿ ಎಲ್ಲರಿಗೂ ಒಂದೇ ಕಿವಿ, ಬೀಜದ ಕಂಪನಿಯ ಕೆಲಸ ಇವರದು, ದಿನವೆಲ್ಲ ಹರಪನಹಳ್ಳಿ, ಕೂಡ್ಲಿಗಿ ಅಂತ ಬಸ್ಸಿನಲ್ಲಿ ಓಡಾಟ, ಓಡಾಟದಲ್ಲೆಲ್ಲ ಹಾಡು ಕೇಳುವುದು, ಟೇಪಿನ ಮುಂದೆ ಫೋನು ಹಿಡಿದು ನನಗೂ ಕೇಳಿಸುವುದು, ಕೇಳ್ತೈತೇನ್ರಿ, ಹೂಂ, ಇದು ಬರೇ ಎಲುಬು, ಫೋನಿನಾಗ ಇಷ್ಟ ಬರೋದು, ನಿಮ್ಮ ಪಕ್ಕ ಕುಂತಾಗ ಪೂರಾ ಕೇಳಸ್ತೀನಿ. ಪಕ್ಕ. ನಾನು ಡೈರಿಯಲ್ಲಿ ಬರೆದೆ, ಬರುವ ಭಾನುವಾರ ಹೇಳುತ್ತೇನೆ, ಮುಂದಿನ ವಾರ ಅದರ ಕೆಳಗೇ ಮತ್ತೆ ಬರೆದೆ, ಬರುವ ಭಾನುವಾರ, ಅಕ್ಷರ ಮಾತ್ರ ದುಂಡಗೆ ಚೆನ್ನಾಗಿ ಬರುತ್ತವೆ ನನಗೆ. ಈಗ ನೋಡು, ಬಿಳಿಯದು ಮುಗಿಯಿತು, ಗೆರೆಗಳು ಮಲಗಿದವು, ಅರುಣಕುಮಾರ್ ವೈರನ್ನು ಕರಿಯದಕ್ಕೆ ಚುಚ್ಚಿದ, ಅದರಲ್ಲಿ ಗೆರೆಯೂ ಇಲ್ಲ, ಬರೀ ಕಪ್ಪು ಗಾಜು, ಅದರೊಳಗೆ ನನ್ನ ಮುಖ, ಹಣೆಯಲ್ಲಿ ಬೆವರು, ಹಾಡು ನಡೆದಿದೆಯೋ ಇಲ್ಲವೋ ಇವರ ಬೆರಳು ನೋಡಿ ತಿಳಿಯಬೇಕು, ಬೆರಳು ನಿಂತಿದೆ, ಇವರು ಕಣ್ಣು ಮುಚ್ಚಿದ್ದಾರೆ, ಮುಖದ ಮೇಲೆ ಎಂಥದೋ ನೆಮ್ಮದಿ, ಅದೇ ಇಯರ್‌ಫೋನಿನ ಜೋಡಿ ನನ್ನ ಕಿವಿಯಲ್ಲಿ ಅವರೆಕಾಳು ಸಿಕ್ಕಿಕೊಂಡಂತೆ ಕೂತಿದೆ. ಯಾವುದ್ರಿ ಎಂದರು ಕಣ್ಣು ತೆರೆದು, ತುಟಿ ನೋಡಿ ತಿಳಿದೆ. ಕರೇದು ಎಂದೆ. ಇದರಲ್ಲಿ ಕಷ್ಟವೇನಿದೆ, ಪೂರಾ ಹಾಡಿನದೇ ಒಳ್ಳೆಯದಿರಬೇಕು, ಅರುಣಕುಮಾರನ ಮಾತಿನಲ್ಲೇ ಉತ್ತರವಿತ್ತು, ಮುಗಿಯಿತು, ಅವ್ವ ನನ್ನ ಹಿಂದೆ ಉಸಿರು ಬಿಟ್ಟದ್ದು ಕುತ್ತಿಗೆಗೆ ತಾಗಿತು, ಕಟ್ಟಿಬಿಡು ತಮ್ಮಾ ಅದನ್ನ ಎಂದ ಮಾವ ಮಿರ್ಚಿಯ ತೊಟ್ಟು ಬೀದಿಗೆ ಎಸೆದು, ಮುಗಿಯಿತು, ಮುಗಿಯಬೇಕಿತ್ತು.

ಹಂಗಲ್ಲ ಎಂದರು ಇವರು ನಗುತ್ತ, ಕರೇದು ಅಂತ ಕಣ್ಣು ಹೇಳ್ತೋ, ಕಿವಿ ಹೇಳ್ತೋ, ಕಣ್ಣು ಮುಚ್ಚಿ ಹೇಳ್ರಿ ನೋಡೋಣ, ಅರುಣ ಒಂದು ಹಚ್ಚತಾನ, ಆಮ್ಯಾಲೆ ಇನ್ನೊಂದು, ಮೊದಲನೇದು ಚೊಲೋನೋ ಎರಡನೇದು ಚೊಲೋನೋ. ಆಟ, ಅವರಿಗೆ ಆಟ, ಪರೀಕ್ಷಿಸಬೇಕೆಂಬ ಮನಸ್ಸೂ ಇಲ್ಲ, ಮುಚ್ಚು ಯವ್ವಾ, ಹುಡುಗ ಆಸಿಗೆ ಕೇಳ್ತಾನ ಎಂದರು ಮರುಳಸಿದ್ದಮ್ಮನವರು, ಅವ್ವನ ಕೈ ನನ್ನ ಮೊಣಕೈ ಹುಡುಕಿಕೊಂಡು ಬಂತು, ಬೀಗರು ನಡುವೆ ಬಂದು ನಿಂತರು, ಕೈ ಹೋಯಿತು, ಕಣ್ಣು ಮುಚ್ಚಿದೆ. ಫ್ಯಾನಿನ ಕಟಕಟ, ಬಸ್‌ಸ್ಟ್ಯಾಂಡಿನ ಹಾರನ್ನು, ಯಾರೋ ಟಾರ್ಚಿನ ಸೆಲ್ಲು ಕೇಳುತ್ತಿದ್ದಾರೆ, ಈರುಳ್ಳಿ ಲಾರಿಯೊಂದು ರಸ್ತೆಯಲ್ಲಿ ಗುಡುಗಿಕೊಂಡು ಹೋಯಿತು, ಇದೆಲ್ಲ ಎಡಗಡೆಯದು, ಬಲಗಡೆ ಹತ್ತಿಯ ಮೂಟೆ, ಒಂದು ಹಾಡಿಗೆ ಎಷ್ಟು ಹೊತ್ತು ಕೊಡುತ್ತಾರೆ, ಎಣಿಸುತ್ತೇನೆ, ಇಪ್ಪತ್ತಕ್ಕೆ ಒಂದು ತಲೆದೂಗು, ಸ್ವಲ್ಪವೇ, ಹಾಡು ಗೊತ್ತಿರುವವರ ಹಾಗೆ, ಮೂವತ್ತು, ಈಗ ಬದಲಿಸಿರಬೇಕು, ನಲವತ್ತು, ಐವತ್ತು, ತಡ ಮಾಡಿದರೆ ಸಂಶಯ, ಅರವತ್ತು — ಎರಡನೇದು ಚೊಲೋ ಐತ್ರಿ, ಎಂದೆ. ಆಮೇಲೆ ಎಡಗಡೆಯಿಂದ ನಗು. ಕಣ್ಣು ತೆರೆದೆ, ವೈರಿನ ತುದಿ ಅರುಣಕುಮಾರನ ಬೆರಳಿನಲ್ಲಿ ತೂಗುತ್ತಿದೆ, ಬಿಳಿಯದಕ್ಕೂ ಚುಚ್ಚಿಲ್ಲ, ಕರಿಯದಕ್ಕೂ ಚುಚ್ಚಿಲ್ಲ, ಅವನ ಇನ್ನೊಂದು ಕೈಯಲ್ಲಿ ಗಿರಾಕಿಯ ಸೆಲ್ಲು, ಅತ್ತಿಗ್ಯಾರ, ಇನ್ನಾ ಹಚ್ಚೇ ಇಲ್ರಿ ಎಂದ, ಮರುಳಸಿದ್ದಮ್ಮನವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕು ನಕ್ಕು, ತಡೀರಿ ತಡೀರಿ ಅಂತ ಮೂರು ಸಲ ಅಂದ ನನ್ನ ಮಗ, ಇಕಿ ಆಗಲೇ ತಲಿ ತೂಗಾಕ ಹತ್ಯಾಳ ನೋಡ್ರಿ, ಜಂಬಣ್ಣ ಮಾವ ಒಂದೇ ಹೆಜ್ಜೆಗೆ ಒಳಗೆ ಬಂದ, ನಾಚಿಗಿರಿ ಬೀಗರ, ಗಂಡನ ಪಕ್ಕ ಕುಂತಾಳ ಅಂದ್ರ ಕಿವಿ ಎಲ್ಲಿರತಾವ, ನಮ್ಮನಿ ಹೆಣ್ಮಕ್ಕಳ ಹಂಗ. ಎಷ್ಟು ಸಲೀಸಾಗಿ ದಾರಿ ಮಾಡಿಕೊಟ್ಟ, ಆ ದಾರಿಯಲ್ಲಿ ತಲೆ ತಗ್ಗಿಸಿ ನಡೆದರೆ ಸಾಕು, ಎಲ್ಲರೂ ನಗುತ್ತಲೇ ಇದ್ದಾರೆ, ಇವರೊಬ್ಬರು ನಗುತ್ತಿಲ್ಲ. ಇವರು ನನ್ನ ಬಲಗಿವಿಯನ್ನು ನೋಡುತ್ತಿದ್ದಾರೆ. ಓಲೆಯನ್ನಲ್ಲ, ಕಿವಿಯನ್ನು. ತುಟಿ ಅಲುಗಿತು, ಕೇಳಿಸಲಿಲ್ಲೇನ್ರಿ, ಅಷ್ಟೇ ಅಂದದ್ದು, ನಾನು ಓದಿದ್ದು ಅಷ್ಟೇ, ಅವ್ವನ ಕೈ ಬಂದೇ ಬಂತು, ಮೊಣಕೈಯನ್ನು ಎರಡು ಸಲ ಒತ್ತಿತು, ಹೂಂ ಅನ್ನು, ಇನ್ನೂ ಎರಡು ಸಲ, ಹೂಂ ಅನ್ನು ಮಗಳೇ.

ಹೂಂ ಅಂದರೆ ಸೀರೆಗಳು ಗಂಟಿನಲ್ಲೇ ಇರುತ್ತವೆ, ಇಪ್ಪತ್ತು ದಿನ ಕಳೆಯುತ್ತದೆ, ಆಮೇಲೆ ಒಂದು ದಿನ ಮುಚ್ಚಿದ ಬಾಗಿಲಿನ ಆಚೆ ಇವರಿಗೇ ತಿಳಿಯುತ್ತದೆ, ಆಗ ನಾನು ಕಿವುಡಿ ಅನ್ನುವುದು ದೊಡ್ಡದಾಗುವುದಿಲ್ಲ, ಭಾನುವಾರ ಭಾನುವಾರ ಹೂಂ ಹೂಂ ಅಂದವಳು ಎನ್ನುವುದು ದೊಡ್ಡದಾಗುತ್ತದೆ, ಒತ್ತಿ ಒತ್ತಿ ಸಣ್ಣ ಮಾಡಿದ ಹಾಡಿನ ಹಾಗೆ ನನ್ನನ್ನು ಇವರಿಗೆ ಕೊಟ್ಟಿದ್ದಾರೆ, ಬೇಡವಾದ ಎಳೆ ತೆಗೆದು, ಯಾರಿಗೂ ಗೊತ್ತಾಗುವುದಿಲ್ಲ ಎಂದು — ಅರುಣಕುಮಾರ್ ವೈರನ್ನು ಕರಿಯದಕ್ಕೆ ಚುಚ್ಚಿದ, ಈಗ ಹಚ್ಚೀನಿ ನೋಡ್ರಿ, ನನ್ನ ಕೈ ಬಲಗಿವಿಯ ಗುಂಡಿಯನ್ನು ಕಿತ್ತಿತು, ಗದ್ದದ ಮುಂದೆ ದಾಟಿಸಿತು, ಎಡಕ್ಕೆ ಇಟ್ಟಿತು, ಅಂಗಡಿ ಹೋಯಿತು, ಲಾರಿ ಹೋಯಿತು, ನಗು ಹೋಯಿತು, ತಂಬೂರಿ, ಹೌದು ನಾಕು ತಂತಿ ಬೇರೆ ಬೇರೆಯೇ, ಒಂದರ ನಡುಕ ಆರುವ ಮುಂಚೆ ಇನ್ನೊಂದು, ಹಾಡುವವರು ಇನ್ನೂ ಹಾಡಿಲ್ಲ, ಹಾಡುವುದಕ್ಕೆ ಮುಂಚೆ ಎಳೆದುಕೊಳ್ಳುವ ಉಸಿರು, ತುಟಿ ಬಿಡಿಸುವ ಸಣ್ಣ ಸದ್ದು, ಇಷ್ಟು ಹತ್ತಿರ ಯಾರೂ ನನಗೆ ಹಾಡಿಲ್ಲ, ನನ್ನ ದನಿ ನನಗೇ ಕೇಳದೆ ಹೇಳಿದೆ, ಗಟ್ಟಿಯಾಗಿ ಹೇಳಿರಬೇಕು, ಎಲ್ಲರೂ ತಿರುಗಿದರು, ಈ ಬಲಗಿವಿ ಕೇಳಂಗಿಲ್ರಿ, ಸಣ್ಣಾಕಿ ಇದ್ದಾಗಿಂದ ಕೇಳಂಗಿಲ್ಲ, ಹೇಳಬೇಕಿತ್ತು, ಹೇಳಲಿಲ್ಲ, ಬಿಳೇದೂ ಕೇಳಿಸಲಿಲ್ಲ, ಕರೇದೂ ಕೇಳಿಸಲಿಲ್ಲ, ಈಗ ಕೇಳತೈತಿ. ಮರುಳಸಿದ್ದಮ್ಮನವರ ಬಾಯಿ ತೆರೆದಿದೆ, ಅಲುಗುತ್ತಿದೆ, ಮಾವನ ಕೈ ಗಾಳಿಯಲ್ಲಿ ಏನೋ ಅಳಿಸುತ್ತಿದೆ, ಅವ್ವ ಗೋಡೆಗೆ ಒರಗಿದ್ದಾಳೆ, ಯಾವ ಮಾತೂ ಇಲ್ಲ, ಹಾಡು ಮಾತ್ರ, ಇವರು ಎದ್ದರು, ಕೂತ ಸ್ಟೂಲು ಗಿರ್ರನೆ ತಿರುಗಿತು, ಇವರು ಕಾಣುತ್ತಿಲ್ಲ, ಬಾಗಿಲು ಹಿಂದೆ, ಬೀದಿ ಹಿಂದೆ, ಹಡಗಲಿಯ ಬಸ್ಸೂ ಹಿಂದೆ, ನನ್ನ ಎಡಕ್ಕೆ ಬರಬೇಕೆಂದರೂ ಹಿಂದಿನಿಂದಲೇ ಬರಬೇಕು, ಇಯರ್‌ಫೋನು ತೆಗೆದರೆ ಏನು ಅನ್ನುತ್ತಿದ್ದಾರೆ ತಿಳಿಯುತ್ತದೆ, ಕೈ ಏಳುತ್ತಿಲ್ಲ, ತಿರುಗಿದರೆ ಕಾಣುತ್ತದೆ, ಕುತ್ತಿಗೆ ತಿರುಗುತ್ತಿಲ್ಲ, ವೈರು ನನ್ನ ಬಲಭುಜದ ಮೇಲೆ ಬಂದು ಕೂತಿದೆ, ಬಿಗಿಯಾಗಿದೆ, ಅದರ ಇನ್ನೊಂದು ತುದಿ ಇವರ ಕಿವಿಯಲ್ಲಿ, ಹೊರಟುಹೋಗಿದ್ದರೆ ಅದು ಕಳಚಿ ಬೀಳಬೇಕಿತ್ತು, ಬಿದ್ದಿಲ್ಲ, ಹಾಡು ಏರುತ್ತಿದೆ, ಸ್ಟೂಲು ನಿಂತಿತು, ವೈರು ಭುಜದ ಮೇಲೆ, ಬಿಗಿಯಾಗಿ, ಬಿದ್ದಿಲ್ಲ, ವೈರು, ಇನ್ನೂ ಬಿದ್ದಿಲ್ಲ, ವೈರು