ಬಳೆ ಜಾರುವ ಪಂಜ

ಲೇತ್ ಅಂಗಡಿಯವನು ಯಾವ ದುರುದ್ದೇಶವೂ ಇಲ್ಲದೆ ಆಡಿದ ಒಂದು ಮಾತಿನಿಂದ ಆ ಮನೆ ಎರಡು ಹೋಳಾಯಿತು.

ಗಾಜಿನ ಮೇಸ್ತ್ರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳಿಗೆ ಬೆಂಕಿಯೆಂದರೆ ಆಗದು. ಕಿರಿಯವಳು ಅಪ್ಪನ ಬರ್ನರ್ ಪಕ್ಕದಲ್ಲೇ ಬೆಳೆದವಳು. ಹಿರಿಯವಳನ್ನು ಮದುವೆಯಾಗಿ ಬಂದ ಭಾವನೂ ಅದೇ ಕಸುಬಿನವನು. ಇಬ್ಬರಲ್ಲಿ ಯಾರ ಕೈ ಮೇಲು ಎಂದು ಕೇಳಿದರೆ ಕೆಲಸಗಾರರು ಭಾವನ ಎದುರಿಗೆ ಭಾವನದು ಎನ್ನುವರು, ಅವನು ಅತ್ತ ಹೋದ ಮೇಲೆ ಕಿರಿಯವಳದು ಎನ್ನುವರು. ಇದು ಭಾವನಿಗೂ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಿರಿಯವಳು ಕುಂಬಳಕಾಯಿ ಗಾತ್ರದ ದೀಪದ ಗೋಳವೊಂದನ್ನು ಮುಗಿಸುತ್ತಿದ್ದಳು. ಊದುವ ಕೊಳವೆಯಿಂದ ಗೋಳವನ್ನು ಬಿಡಿಸಿದ ಮೇಲೆ ಅದರ ಬಾಯಿಯ ಅಂಚನ್ನು ಉರಿಯಲ್ಲಿ ನುಣುಪು ಮಾಡಬೇಕು. ಅಷ್ಟು ಹೊತ್ತು ಆ ಬಿಸಿ ಗಾಜನ್ನು ಹಿಡಿದುಕೊಳ್ಳುವುದು ಪಂಜದ ಕೆಲಸ. ಮೊಳದುದ್ದದ ಉಕ್ಕಿನ ಸಲಾಕೆ, ಅದರ ತುದಿಗೆ ಬೆಂಕಿ ತಡೆಯುವ ಪಟ್ಟಿ ಸುತ್ತಿದ ನಾಲ್ಕು ಬೆರಳು, ಬೆರಳುಗಳನ್ನು ಬಿಗಿಯಲು ಸಲಾಕೆಯ ಮೇಲೆ ಸರಿಯುವ ಹಿತ್ತಾಳೆ ಬಳೆ, ಬಳೆ ಹಿಂದೆ ಜಾರದಂತೆ ಒಂದು ತಿರುಪು. ಪಂಜವೆಂದರೆ ಇಷ್ಟೇ. ಅಂದು ಬಳೆ ಹಿಂದೆ ಜಾರಿತು. ಬೆರಳುಗಳು ಬಾಯಿಬಿಟ್ಟವು. ಬೀಳುತ್ತಿದ್ದ ಗೋಳಕ್ಕೆ ಅವಳು ಯೋಚಿಸದೆ ಬಲಗೈ ಒಡ್ಡಿದಳು. ಅಂಗೈ ಬೆಂದಿತು, ಗೋಳವೂ ಉಳಿಯಲಿಲ್ಲ.

ಪಂಜದಲ್ಲಿ ಏನೂ ದೋಷವಿಲ್ಲ, ಇವಳ ಕೈ ನಡುಗಿತು, ನಾನು ಕಣ್ಣಾರೆ ನೋಡಿದೆ ಎಂದ ಭಾವ. ಅಷ್ಟರಲ್ಲಿ ತಣ್ಣಗಾಗಿದ್ದ ಪಂಜವನ್ನು ಮೇಸ್ತ್ರಿ ಎತ್ತಿಕೊಂಡು ಬಳೆ ಎಳೆದು ನೋಡಿದರು. ಅದು ಕದಲಲಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಗಾಯ ಮಾಗಿದ ಮೇಲೆ ಅವಳನ್ನು ಗೋಡೆಗೆ ಮುಖಮಾಡಿದ ಸಣ್ಣ ಬರ್ನರ್‌ಗೆ, ಮಣಿ ಮಾಡಲು ಕೂರಿಸಿದರು. ಭಾವ ಅವಳಿಗೆ ಮಣಿರಾಣಿ ಎಂದು ಹೆಸರಿಟ್ಟ. ಎಲ್ಲರೂ ನಕ್ಕರು, ಹೆಸರು ಅಂಟಿಕೊಂಡಿತು. ತನ್ನ ಕೈಯೇ ತನಗೆ ಕೈಕೊಟ್ಟಿತೆಂದು ಅವಳೂ ನಂಬಿದ್ದಳು. ಬಿದ್ದು ಒಂದು ಬೆರಳು ಸೊಟ್ಟಗಾಗಿದ್ದ ಆ ಪಂಜವನ್ನು ಗುಜರಿಗೆ ಹಾಕಗೊಡದೆ ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಳು. ದೊಡ್ಡ ಬರ್ನರ್ ಮತ್ತೆ ಕೇಳೋಣವೆಂದು ಆಸೆಯಾದಾಗಲೆಲ್ಲ ಡ್ರಾಯರ್ ಎಳೆದು ನೋಡುವಳು, ಮಾತು ನುಂಗಿಕೊಳ್ಳುವಳು.

ಹೀಗೆ ಹನ್ನೊಂದು ವರ್ಷ ಕಳೆದ ಮೇಲೆ, ಕರಗಿದ ಗಾಜನ್ನು ಮಣಿಯಾಗಿ ಸುತ್ತುವ ಕಂಬಿ ಕತ್ತರಿಸಿ ತರಲೆಂದು ಅವಳು ಲೇತ್ ಅಂಗಡಿಗೆ ಹೋದ ದಿನ ಅಂಗಡಿಯವನು ಭಾವನಿಗಾಗಿ ಹೊಸ ಪಂಜವೊಂದನ್ನು ಮಾಡಿ ಮುಗಿಸಿದ್ದ. ಹೆಮ್ಮೆಯಿಂದ ತೋರಿಸಿದ.

"ಈ ಸಲ ಎರಡು ತಿರುಪು ಹಾಕಿದೀನಿ ನೋಡಮ್ಮ. ಹಳೇದರ ಹಾಗೆ ಬಿಸಿಗೆ ಜಾರಲ್ಲ."

ಯಾವ ಹಳೆಯದು ಎಂದು ಅವಳು ಕೇಳಿದಳು.

"ನಿನ್ನ ಕೈ ಸುಡೋ ಹಿಂದಿನ ದಿನ ನಿಮ್ಮ ಭಾವ ತಂದಿದ್ರಲ್ಲ, ಅದು. ತಣ್ಣಗಿದ್ರೆ ಸರಿ ಇರುತ್ತೆ, ಬಿಸಿಯಾದ್ರೆ ಬಳೆ ಜಾರುತ್ತೆ ಅಂದ್ರು. ರಿಪೇರಿಗೆ ಎರಡು ದಿನ ಬೇಕು ಅಂದೆ. ಹಾಗಾದ್ರೆ ಬಿಡು, ನಾಳೆ ಅದನ್ನ ಹಿಡಿಯೋದು ನಾನಲ್ಲ ಅಂತ ನಗ್ತಾ ತಗೊಂಡು ಹೋದ್ರು." ಅವಳ ಮುಖ ನೋಡಿ ಅವನು ತಡವರಿಸಿದ. "ನಿಮ್ಮನೇಲಿ ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಅವಳು ಕಂಬಿಯ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಹೊರಬಿದ್ದಳು. ಎರಡು ಬೀದಿ ದಾಟಿದ ಮೇಲೆ, ತಾನು ಮನೆಯ ದಾರಿಗೆ ವಿರುದ್ಧ ನಡೆಯುತ್ತಿದ್ದೇನೆಂದು ತಿಳಿಯಿತು. ಈಗಲೇ ಹೋಗಿ ಭಾವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಆದರೆ ಅವನ ನಾಲಿಗೆ ಬೆಣ್ಣೆ, ಅಪ್ಪನ ಕಿವಿ ಅವನ ಕಡೆಗೆ. ಲೇತಿನವನಿಗೆ ವಯಸ್ಸಾಯಿತು, ಯಾವುದನ್ನೋ ಯಾವುದಕ್ಕೋ ಗಂಟುಹಾಕುತ್ತಿದ್ದಾನೆ ಎಂದು ನಗಾಡಿಬಿಡುವನು. ಬೇರೆಯವರು ಹೇಳಿದರೆ ಸಾಲದು. ಅದು ಅವನ ಬಾಯಿಂದಲೇ ಬರಬೇಕು, ಹತ್ತು ಜನರ ಎದುರಿಗೆ ಬರಬೇಕು.

ಹತ್ತು ಜನ ಸೇರುವ ದಿನ ಹತ್ತಿರದಲ್ಲೇ ಇತ್ತು. ಮಂಡಿನೋವಿನಿಂದ ಮೇಸ್ತ್ರಿಗೆ ನಿಂತು ಕೆಲಸ ಮಾಡಲಾಗುತ್ತಿರಲಿಲ್ಲ. ತಮ್ಮ ಮೇಜು, ದೊಡ್ಡ ಬರ್ನರ್, ಗಾಜಿನ ತಳಕ್ಕೆ ಒತ್ತುವ ಮುದ್ರೆ, ಎಲ್ಲವನ್ನೂ ಅಳಿಯನಿಗೆ ಒಪ್ಪಿಸುವುದೆಂದು ತೀರ್ಮಾನಿಸಿದ್ದರು. ಆ ದಿನ ಅವನು ಎಲ್ಲರ ಮುಂದೆ ಈವರೆಗಿನ ಅತಿ ದೊಡ್ಡ ಗೋಳವನ್ನು ಊದಬೇಕು. ಪಂಜ ಕಾಯಿಸಿ ಕೈಗೆ ಕೊಡುವ ಕೆಲಸ ನನಗಿರಲಿ ಎಂದು ಕಿರಿಯವಳು ತಾನಾಗಿ ಕೇಳಿಕೊಂಡಳು. ಭಾವ ಹಿರಿಹಿರಿ ಹಿಗ್ಗಿದ. ಹಳೆಯದನ್ನೆಲ್ಲ ಮರೆತೆಯಲ್ಲ, ಅಷ್ಟು ಸಾಕು ಎಂದ.

ಅವಳು ಹಳೆಯ ಪಂಜದ ಸೊಟ್ಟ ಬೆರಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ನೇರ ಮಾಡಿದಳು. ಹೊಸ ಪಟ್ಟಿ ಸುತ್ತಿದಳು. ಬಳೆಯನ್ನು ತಿಕ್ಕಿ ಹೊಳೆಯಿಸಿದಳು. ತಿರುಪನ್ನು ಮಾತ್ರ ಮುಟ್ಟಲಿಲ್ಲ. ಭಾವ ಇದನ್ನು ಹಿಡಿದರೆ ಗೋಳ ಅವನ ಕಾಲ ಮೇಲೆ ಬೀಳುತ್ತದೆ, ಹಿಡಿಯದಿದ್ದರೆ ಅವನ ಬಾಯಿಂದ ನಿಜ ಬೀಳುತ್ತದೆ. ಎರಡರಲ್ಲಿ ಯಾವುದಾದರೂ ಅವಳಿಗೆ ಆಗುತ್ತಿತ್ತು. ಲೇತಿನವನಿಗೆ ಹೇಳಿಕಳಿಸಿ ಅಪ್ಪನ ಪಕ್ಕದಲ್ಲೇ ಕುರ್ಚಿ ಹಾಕಿಸಿದಳು.

ಗೋಳ ಚೆನ್ನಾಗಿಯೇ ಬಂತು, ಅದನ್ನು ಅವಳೂ ಒಪ್ಪಬೇಕು. ಒಂದೇ ಸಮ ತಿರುಗಿಸುತ್ತ, ಕೆನ್ನೆ ಉಬ್ಬಿಸಿ ಊದುತ್ತ, ಭಾವ ಅದನ್ನು ದುಂಡಗೆ ತಂದ. ಗ್ರಾಹಕರೂ ಕೆಲಸಗಾರರೂ ಸುತ್ತ ನಿಂತಿದ್ದರು. ಅವನು ಕೈ ಚಾಚಿ ಪಂಜ ಕೇಳಿದ. ಕೈಗೆ ಬಂದದ್ದನ್ನು ಬೆರಳುಗಳ ಮಧ್ಯೆ ಒಮ್ಮೆ ತಿರುಗಿಸಿದ. ಸುತ್ತಿಗೆಯ ಗುರುತು ಕಂಡಿತು. ತಿರುಪು ಒಂದೇ ಇತ್ತು.

"ಇದಲ್ಲ. ಹೊಸದು ಕೊಡು."

"ಇದಕ್ಕೇನಾಗಿದೆ ಭಾವ?"

ಗಾಜು ಆರುತ್ತಿದೆ, ಯಾವುದಾದರೇನು, ಬೇಗ ಹಿಡಿ ಎಂದು ಮೇಸ್ತ್ರಿ ಗದರಿದರು.

"ಇಲ್ಲ ಮಾವ, ಇದು ಬಿಸಿಯಾದ್ರೆ ಬಳೆ ಜಾರುತ್ತೆ."

"ಅಪ್ಪ ಅವತ್ತು ಎಳೆದು ನೋಡಿದಾಗ ಕದಲಲಿಲ್ಲ," ಎಂದಳು ಅವಳು. "ಬಿಸಿಗೆ ಜಾರುತ್ತೆ ಅನ್ನೋದು ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತು... ನಿನ್ನ ಕೈಲಿ ಜಾರಿತಲ್ಲ."

"ಅವತ್ತು ನನ್ನ ಕೈ ನಡುಗ್ತು ಅಂದ್ರಿ. ಕಣ್ಣಾರೆ ನೋಡಿದೆ ಅಂದ್ರಿ."

ಅವನ ಕಣ್ಣು ಸಹಾಯಕ್ಕಾಗಿ ಅಲ್ಲಿ ಇಲ್ಲಿ ಅಲೆದು ಲೇತಿನವನ ಮೇಲೆ ನಿಂತಿತು. ಲೇತಿನವನು ತಲೆ ತಗ್ಗಿಸಿದ. ಆಮೇಲೆ ಮೇಸ್ತ್ರಿಯ ಕಿವಿಯ ಬಳಿ ಬಾಗಿ, ಹಿಂದಿನ ದಿನವೇ ಅದನ್ನು ರಿಪೇರಿಗೆ ತಂದಿದ್ದರು ಎಂದು ಮೆಲ್ಲಗೆ ಹೇಳಿದ. ಅಷ್ಟರಲ್ಲಿ ಉರಿಯಿಂದಾಚೆ ಹಿಡಿದಿದ್ದ ಗೋಳ ಕುತ್ತಿಗೆಯ ಬಳಿ ಟಿಕ್ಕೆಂದು ಸೀಳಿ ನೆಲಕ್ಕೆ ಬಿತ್ತು. ಭಾವನ ಕೈಯಲ್ಲಿ ಬರೀ ಕೊಳವೆ ಉಳಿಯಿತು.

ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಮೇಸ್ತ್ರಿ ಮಗಳ ಬಲಗೈಯನ್ನು ನೋಡಲೆಂದು ಹಿಡಿದುಕೊಂಡರು. ಅವಳು ಮುಷ್ಟಿ ಬಿಚ್ಚಲಿಲ್ಲ.

"ನನಗೆ ಗೊತ್ತಾಗಲಿಲ್ಲ ಮಗಳೇ."

"ನೀವು ಬಳೆ ಎಳೆದು ನೋಡಿದ್ರಿ. ನನ್ನನ್ನ ಒಂದು ಮಾತು ಕೇಳಲಿಲ್ಲ."

ಮೇಜು, ಬರ್ನರ್, ಮುದ್ರೆ ಅವಳಿಗೆ ಬಂದವು. ಅವಳು ಇಟ್ಟ ಷರತ್ತು ಒಂದೇ: ಭಾವ ಗೋಡೆಯ ಕಡೆ ಮುಖಮಾಡಿ ಕೂತು ಮಣಿ ಮಾಡಬೇಕು. ಬಿಟ್ಟುಹೋಗುತ್ತಾನೆಂದು ಎಲ್ಲರೂ ಎಣಿಸಿದ್ದರು. ಆದರೆ ಅವನಿಗೆ ತಕ್ಷಣ ಹೋಗಲು ಬೇರೆ ಜಾಗವಿರಲಿಲ್ಲ, ಕೂತ. ವಾರದೊಳಗೆ ಕೆಲಸಗಾರರು ಅವನಿಗೆ ಮಣಿರಾಜ ಎಂದರು. ಅವಳು ಆ ಹೆಸರು ಹಿಡಿದು ಕರೆಯಲಿಲ್ಲ, ಕರೆಯುವವರನ್ನು ತಡೆಯಲೂ ಇಲ್ಲ. ಅವನ ಬಗ್ಗಿದ ಬೆನ್ನು ಕಣ್ಣಿಗೆ ಬೀಳುವಂತೆ ತನ್ನ ಕುರ್ಚಿಯನ್ನು ತುಸು ಓರೆಯಾಗಿ ಎಳೆದುಕೊಂಡಳು. ಕೈಗೆ ಅಭ್ಯಾಸ ತಪ್ಪಿತ್ತು. ಮೊದಲ ಮೂರು ಗೋಳ ಒಡೆದವು. ಆ ಬೆನ್ನು ನೋಡುತ್ತ ನಾಲ್ಕನೆಯದನ್ನು ಒಡೆಯದಂತೆ ಮುಗಿಸಿದಳು.

ಒಂದು ಮಧ್ಯಾಹ್ನ ಅಕ್ಕ ಕಾರ್ಖಾನೆಯ ಬಾಗಿಲವರೆಗೆ ಬಂದಳು. ಅವಳು ಅಲ್ಲಿಗೆ ಬರುವವಳಲ್ಲ.

"ಅವರು ಸರಿಯಾಗಿ ಊಟ ಮಾಡ್ತಿಲ್ಲ ಕಣೇ. ಇನ್ನು ಸಾಕು ಮಾಡು."

"ಅವತ್ತು ನಾನು ಊಟ ಮಾಡಿದ್ನಾ ಅಂತ ಯಾರು ನೋಡಿದ್ರು?"

"ನಾನು ನೋಡಿದ್ದೆ," ಎಂದಳು ಅಕ್ಕ. "ಕೈಗೆ ಕಟ್ಟು ಕಟ್ಟಿತ್ತು. ಎರಡು ತಿಂಗಳು ಬಾಯಿಗೆ ತುತ್ತು ಇಟ್ಟೋಳು ನಾನು."

ಅದು ನಿಜವೇ. ಭಾವನ ಕುತಂತ್ರ ಅಕ್ಕನಿಗೆ ಗೊತ್ತಿರಲಿಲ್ಲವೆಂಬುದೂ ನಿಜ. ಆದರೂ ‘ಆಗಲಿ’ ಎನ್ನದೆ ಕಿರಿಯವಳು ಬರ್ನರ್ ಕಡೆಗೆ ತಿರುಗಿದಳು. ಅಕ್ಕ ಹೊರಟುಹೋದಳು.

ಮೂರು ತಿಂಗಳಿಗೆ ಭಾವನಿಗೆ ಬೇರೆ ಊರಿನಲ್ಲಿ, ಪ್ರಯೋಗಾಲಯದ ಗಾಜಿನ ಪಾತ್ರೆ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅವಳ ಮೇಜಿನ ಬಳಿ ಬಂದು ನಿಂತು, ತಪ್ಪಾಯಿತು ಎಂದ. ಕಪ್ಪು ಕನ್ನಡಕ ತೆಗೆಯದೆ, ಉರಿ ತಗ್ಗಿಸದೆ, ಅವಳು ಕೊಳವೆ ತಿರುಗಿಸುತ್ತಲೇ ಇದ್ದಳು. ಅವನು ಹೋದ.

ಸಂಜೆ ಮನೆಗೆ ಬಂದಾಗ ಅಪ್ಪ ಒಬ್ಬರೇ ಕೂತಿದ್ದರು. ಅಕ್ಕ ನಿನಗಾಗಿ ಕಾದಳು, ಬಸ್ಸಿಗೆ ಹೊತ್ತಾಯಿತೆಂದು ಹೋದಳು ಎಂದರು. ಅವಳು ಕೈಕಾಲು ತೊಳೆದು ಅವರಿಗೆ ಬಡಿಸಿದಳು, ತಾನೂ ತಟ್ಟೆ ಹಾಕಿಕೊಂಡಳು. ಕಡೆಗೆ ಅಪ್ಪನೇ ಕೇಳಿದರು, ಈಗಲಾದರೂ ಮನಸ್ಸಿಗೆ ಸಮಾಧಾನವಾಯಿತೇ ಎಂದು.

"ಇಲ್ಲ," ಎಂದಳು. "ಮೂರೇ ತಿಂಗಳಿಗೆ ತಪ್ಪಿಸಿಕೊಂಡ."