ಕೊನೆಯವರು ಯಾರು?

"ಹೋಟೆಲ್ಲಾ?" ತಮ್ಮನನ್ನು ತಬ್ಬಿಕೊಂಡಿದ್ದ ಒದಾಲಿಸಳ ಕೈಗಳು ಹಾಗೇ ಸಡಿಲವಾದವು. "ಯಾವ ಹೋಟೆಲ್ಲು?"

"ವೆದಾದೊದಲ್ಲಿ ಅಕ್ಕ, ಸಮುದ್ರದ ಹತ್ರ." ಎವೇಲಿಯೊ ಸೂಟ್‌ಕೇಸಿನ ಹಿಡಿಯನ್ನೇ ನೋಡುತ್ತ ಹೇಳಿದ. "ಮಯಾಮಿಯಿಂದಾನೇ ಹೇಳಿಟ್ಟಿದ್ದೆ. ನಾನು ರಾತ್ರಿಯೆಲ್ಲ ಗೊರಕೆ ಹೊಡೀತೀನಿ. ನಿಂಗ್ಯಾಕೆ ಸುಮ್ನೆ ತೊಂದ್ರೆ?"

ಕಳ್ಳನಿಗೊಂದು ಪಿಳ್ಳೆ ನೆವ. ಇವನ ಗೊರಕೆ ಅವಳಿಗೆ ಹೊಸದೇ? ಒಂದೇ ಕೋಣೆಯಲ್ಲಿ, ಒಂದೇ ಸೊಳ್ಳೆಪರದೆಯ ಕೆಳಗೆ ಬೆಳೆದವರು ಇಬ್ಬರೂ. ವಿಮಾನ ನಿಲ್ದಾಣದ ಕಂಬಿಯ ಈಚೆ ನಿಂತ ಜನ ತಂತಮ್ಮವರನ್ನು ಕಂಡು ಅಳುತ್ತಿದ್ದರು, ನಗುತ್ತಿದ್ದರು, ಒಬ್ಬರ ಕೆನ್ನೆಗೊಬ್ಬರು ಮುತ್ತಿಡುತ್ತಿದ್ದರು. ಒದಾಲಿಸಳೂ ಈಗಷ್ಟೇ ಹಾಗೆ ಅತ್ತವಳು. ಹಿಂದಿನ ಕೋಣೆಗೆ ಬಣ್ಣ ಹೊಡೆಸಿದ್ದಳು. ಕಪ್ಪು ಹುರುಳಿ ಬೇಯಿಸಿಟ್ಟು ಬಂದಿದ್ದಳು. ಇವನಿಗಿಷ್ಟವೆಂದು ಫ್ಲಾನ್ ಎಂಬ ಸಿಹಿ ಮಾಡಲು ಮೊಟ್ಟೆಗಾಗಿ ಬೀದಿಯೆಲ್ಲ ಅಲೆದು, ಕೊನೆಗೆ ಮಾತು ಬಿಟ್ಟ ನೆರೆಯವಳ ಬಾಗಿಲನ್ನೂ ತಟ್ಟಿದ್ದಳು. ಮನೆಮಗ ನೆಂಟನಾಗಿ ಬಂದಿದ್ದ. ನೆಂಟನಾದರೂ ಮನೆಗೆ ಬರುತ್ತಿದ್ದ, ಇವನು ಅದೂ ಅಲ್ಲ.

ಟ್ಯಾಕ್ಸಿಯವನೊಬ್ಬ ಆಗಲೇ ಸೂಟ್‌ಕೇಸಿಗೆ ಕೈ ಹಾಕಿದ್ದ. "ವೆದಾದೊ ತಾನೆ? ಬನ್ನಿ ಯಜಮಾನ್ರೇ. ಅಮ್ಮಾವ್ರೂ ಹತ್ತಲಿ."

"ಅಮ್ಮಾವ್ರು ಹತ್ತಲ್ಲ," ಎಂದಳು ಒದಾಲಿಸ್. "ಅಮ್ಮಾವ್ರು ಬಸ್ಸಲ್ಲಿ ಬಂದೋರು, ಬಸ್ಸಲ್ಲೇ ಹೋಗ್ತಾರೆ." ಮುಖ ಊದಿಸಿಕೊಂಡು ದಾರಿ ಹಿಡಿದೇಬಿಟ್ಟಳು.

ಹಿಂದಿನಿಂದ ಸೂಟ್‌ಕೇಸಿನ ಚಕ್ರ ಕೀರಲು ದನಿಯಲ್ಲಿ ಕೂಗುತ್ತ ಬಂತು. "ಅಕ್ಕಾ, ನಿಲ್ಲೇ! ಈ ವಯಸ್ಸಲ್ಲೂ ಅದೇ ಮೊಂಡಾಟ!" ಅವಳು ನಿಲ್ಲಲಿಲ್ಲ. ಆದರೆ ಟ್ಯಾಕ್ಸಿ ಬಿಟ್ಟು ತನ್ನ ಹಿಂದೆ ಬಂದನಲ್ಲ ಎಂದು ಒಳಗೊಳಗೇ ಹಿಗ್ಗಿದಳು.

ಬೊಯೇರೋಸ್ ರಸ್ತೆಯ ಬಸ್‌ಸ್ಟಾಪಿನಲ್ಲಿ ಜನ ಚೆಲ್ಲಾಪಿಲ್ಲಿಯಾಗಿದ್ದರು. ಕೆಲವರು ಗುಲ್‌ಮೊಹರ್ ಮರದ ನೆರಳಲ್ಲಿ, ಕೆಲವರು ಮೋಟುಗೋಡೆಯ ಮೇಲೆ. ಎವೇಲಿಯೊ ಅತ್ತಿತ್ತ ನೋಡಿ, ಕೆಂಪು ಟೋಪಿಯ ಉದ್ದನೆಯ ಗಂಡಸೊಬ್ಬನ ಬೆನ್ನಿಗೆ ಸರಿಯಾಗಿ ಬಿಸಿಲಲ್ಲಿ ನೆಟ್ಟಗೆ ನಿಂತುಕೊಂಡ.

"ಯಾಕಪ್ಪಾ ನನ್ನ ಬೆನ್ನಿಗೆ ಅಂಟ್ಕೊಂಡೆ?" ಎಂದ ಕೆಂಪು ಟೋಪಿಯವನು ತಿರುಗಿ.

"ಸಾಲಲ್ಲಿ ನಿಂತಿದೀನಿ."

ನೆರಳಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. "ಕೇಳ್ದೆ ನಿಂತ್ರೆ ಸಂಜೇವರೆಗೂ ನಿಂತೇ ಇರ್ತೀಯ! ಊರು ಬಿಟ್ಟು ಬಹಳ ವರ್ಷ ಆಯ್ತೇನೋ ಮಯಾಮಿ?"

ಎವೇಲಿಯೊನ ಕಿವಿ ಕೆಂಪಾಯಿತು. ಟೈರಿನ ಟ್ಯೂಬು ಕಟ್ಟಿದ ತೆಪ್ಪದಲ್ಲಿ ಸಮುದ್ರ ದಾಟಿದಾಗ ಅವನ ತಲೆಯ ತುಂಬ ಕೂದಲಿತ್ತು. ಒದಾಲಿಸಳಿಗೆ ಅಯ್ಯೋ ಅನ್ನಿಸಿತು. ನನ್ನ ತಮ್ಮನನ್ನು ನಾನು ಬೈಯಬಹುದು, ಬೀದಿಯವರು ನಗಬಾರದು. ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು, ತನ್ನ ಬಸ್ಸಿನ ನಂಬರು ಹೇಳಿ ಕೂಗಿದಳು:

"ಹನ್ನೆರಡಕ್ಕೆ ಕೊನೇವ್ರು ಯಾರು?"

"ನಾನು ಕಣಮ್ಮ," ಎಂದಳು ಗೋಡೆಯ ಮೇಲಿದ್ದ ದಪ್ಪ ಹೆಂಗಸು. ಅವಳ ಎರಡೂ ಕೈಯಲ್ಲಿ ಹಲಗೆಯ ಮೇಲೆ ಮುಚ್ಚಳವಿಲ್ಲದ ಹುಟ್ಟುಹಬ್ಬದ ಕೇಕು. "ನಾನು ಆ ನೀಲಿ ಲಂಗದವಳ ಹಿಂದೆ."

"ಸರಿ, ನಾನು ನಿನ್ನ ಹಿಂದೆ." ಅಷ್ಟಾದರೆ ಮುಗಿಯಿತು. ಯಾರ ಹಿಂದೆ ಎಂಬುದು ನೆನಪಿದ್ದರೆ ಸಾಕು, ಆಮೇಲೆ ಎಲ್ಲಿ ಬೇಕಾದರೂ ಕೂರಬಹುದು. ಹನ್ನೆರಡನೇ ನಂಬರಿನ ಬಸ್ಸು ಅವಳ ಮನೆಯ ಕಡೆಗೆ ಹೋಗುತ್ತಿತ್ತು. ವೆದಾದೊಗೆ ಹೋಗುವುದು ಹದಿನಾರು. ಒದಾಲಿಸ್ ತಮ್ಮನ ಸೂಟ್‌ಕೇಸನ್ನೊಮ್ಮೆ ನೋಡಿ ಕೇಳಿದಳು, "ಹದಿನಾರಕ್ಕೆ?"

ಕೆಂಪು ಟೋಪಿಯವನು ಬೆರಳೆತ್ತಿದ.

"ಇವನು ನಿಮ್ಮ ಹಿಂದೆ." ತನ್ನ ಬಾಯಿಂದಲೇ ತಮ್ಮನನ್ನು ಹೋಟೆಲಿನ ಸಾಲಿಗೆ ಸೇರಿಸಿದ್ದಾಯಿತು. ಬಲವಂತದ ಊಟ ಬಡಿಸುವ ಹೆಂಗಸಲ್ಲ ಅವಳು. ಬಂದರೆ ತಾನಾಗಿ ಬರಲಿ.

ಸೂಟ್‌ಕೇಸನ್ನು ನಡುವೆ ಇಟ್ಟುಕೊಂಡು ಇಬ್ಬರೂ ಗೋಡೆಯ ಮೇಲೆ ಕೂತರು.

"ಅಮ್ಮನ ತೂಗುಕುರ್ಚಿ ಇನ್ನೂ ಇದೆಯಾ?" ಎಂದ ಎವೇಲಿಯೊ.

"ಇದೆ."

"ಯಾರು ಕೂರ್ತಾರೆ?"

"ನಾನೇ. ಮತ್ತೇನು, ಖಾಲಿ ಬಿಟ್ಟು ಮೇಣದಬತ್ತಿ ಹಚ್ಚಲಾ?"

ಅವನು ಫಕ್ಕನೆ ನಕ್ಕ. ಆ ನಗು ಹಾಗೇ ಅರ್ಧಕ್ಕೆ ನಿಂತಿತು. ಹೋದ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಾಗ ಊರಿಗೆ ಬರಲು ಇವನ ಕಾಗದಪತ್ರ ಆಗಿರಲಿಲ್ಲ. ಫೋನಿನಲ್ಲಿ ಆ ಕಡೆಯಿಂದ ಅವನು, ಈ ಕಡೆಯಿಂದ ಅವಳು, ಒಂದು ಮಾತೂ ಆಡದೆ ಅತ್ತಿದ್ದರು.

"ನನ್ನ ಕೇಳಿದ್ಲಾ, ಅಕ್ಕ?"

ಸುಳ್ಳು ಹೇಳಬಹುದಿತ್ತು. ಒದಾಲಿಸಳಿಗೆ ಬರಲಿಲ್ಲ. "ಯಾರು ಬಾಗಿಲು ತಟ್ಟಿದ್ರೂ ಎವೇಲಿಯೊ ಬಂದ ಅಂತಿದ್ಲು. ಗ್ಯಾಸಿನವನು ತಟ್ಟಿದ್ರೂ ಎವೇಲಿಯೊ. ಸೊಳ್ಳೆ ಔಷಧಿ ಹೊಡೆಯೋನು ತಟ್ಟಿದ್ರೂ ಎವೇಲಿಯೊ. ಪಾಪ, ಅವನ ಕೈ ಹಿಡ್ಕೊಂಡು ಊಟ ಮಾಡಿದ್ಯೇನೋ ಅಂತಿದ್ಲು."

ಎವೇಲಿಯೊ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ, ಬೆವರು ಒರೆಸುವವನ ಹಾಗೆ. "ಅದಕ್ಕೇ ಕಣೇ," ಎಂದ ಬಹಳ ಮೆಲ್ಲಗೆ. "ಆ ಬಾಗಿಲನ್ನ ನಾನು ಹೇಗೆ ತಟ್ಟಲಿ, ಹೇಳು?"

ಹೋಟೆಲೂ ಅಲ್ಲ, ಗೊರಕೆಯೂ ಅಲ್ಲ. ಒದಾಲಿಸಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಈ ಬೋಳುತಲೆಯ ಹುಡುಗನನ್ನು ಮಡಿಲಿಗೆ ಎಳೆದುಕೊಳ್ಳಬೇಕು ಅನ್ನಿಸಿತು. ಬಾಯಲ್ಲಿ ಬಂದದ್ದು ಮಾತ್ರ ಇಷ್ಟೇ: "ತಟ್ಟೋದ್ಯಾಕೋ ಪೆದ್ದ? ಬೀಗದ ಕೈ ನನ್ನ ಹತ್ರಾನೇ ಇದೆ."

ಅವನು ಏನೋ ಹೇಳುವಷ್ಟರಲ್ಲಿ ಹದಿನಾರು ಬಂತು. ಹೊಗೆ ಉಗುಳುತ್ತ, ಬಾಗಿಲಲ್ಲೇ ಜನ ಜೋತಾಡುತ್ತ ಬಂದು ನಿಂತಿತು. "ಏ ಮಯಾಮಿ!" ಕೆಂಪು ಟೋಪಿಯವನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕೂಗಿದ. "ಬಾರೋ, ನಿನ್ನ ಸರದಿ!"

ಎವೇಲಿಯೊ ಎದ್ದು ನಿಂತ. ಸೂಟ್‌ಕೇಸಿನ ಹಿಡಿ ಎಳೆದ. ಒದಾಲಿಸ್ ಅವನ ಕಡೆ ನೋಡಲಿಲ್ಲ. ಕೇಕಿನ ಬಿಳಿ ನೊರೆಯ ಮೇಲೆ ಕೂತಿದ್ದ ನೊಣವನ್ನೇ ನೋಡಿದಳು.

ಆಗ ನರ್ಸಿನ ಉಡುಪಿನ ಹುಡುಗಿಯೊಬ್ಬಳು ರಸ್ತೆ ದಾಟಿ ಓಡಿಬಂದು ಏದುಸಿರಲ್ಲೇ ಕೂಗಿದಳು, "ಹನ್ನೆರಡಕ್ಕೆ ಕೊನೇವ್ರು ಯಾರು?"

ಉತ್ತರ ಕೊಡಬೇಕಾದವಳು ಒದಾಲಿಸ್. ಅವಳಿನ್ನೂ ಆ ನೊಣವನ್ನೇ ನೋಡುತ್ತಿದ್ದಳು. ಹುಡುಗಿ ಸುತ್ತ ನೋಡಿದಳು. "ಅಯ್ಯೋ, ಯಾರೂ ಇಲ್ವಾ?"

"ನಾನು," ಎಂದ ಎವೇಲಿಯೊ.

ಶಾಲೆಯ ಮಗುವಿನಂತೆ ಕೈ ಎತ್ತಿದ್ದ. "ನಾನು ಕೊನೆ," ಎಂದ ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ. ಒದಾಲಿಸಳತ್ತ ತೋರಿಸಿದ. "ನಾನು ಇವಳ ಹಿಂದೆ."

"ಹಾಗಿದ್ರೆ ನಾನು ನಿಮ್ಮ ಹಿಂದೆ," ಎಂದು ಹುಡುಗಿ ನೆರಳಿಗೆ ಹೋದಳು. ಕೆಂಪು ಟೋಪಿಯವನು ಇನ್ನೇನೋ ಕೂಗಿದ್ದು ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ. ಹದಿನಾರು ಹೊರಟುಹೋಯಿತು.

"ಇದನ್ನೊಂಚೂರು ಹಿಡ್ಕೋ ಮಗನೇ," ಎಂದಳು ದಪ್ಪ ಹೆಂಗಸು. "ಬೆಳಿಗ್ಗೆಯಿಂದ ಹೊತ್ತು ಕೈ ಬಿದ್ದೇಹೋಗಿದೆ. ಜೋಪಾನ, ಮೊಮ್ಮಗಳಿಗೆ."

ಎವೇಲಿಯೊ ಸೂಟ್‌ಕೇಸು ಬಿಟ್ಟು, ಹಲಗೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಅಲ್ಲಾಡದೆ ಕೂತ. ಒದಾಲಿಸ್ ತನ್ನ ಚೀಲದಲ್ಲಿ ತಡಕಾಡಿದಳು. ಅವನ ಕೈಗಳಿಗೆ ಬಿಡುವಿರಲಿಲ್ಲ. ಅವಳೇ ಬಗ್ಗಿ, ಬೀಗದ ಕೈಯನ್ನು ಅವನ ಅಂಗಿಯ ಜೇಬಿಗೆ ಇಳಿಬಿಟ್ಟಳು.