ಮರಿಯಿಲ್ಲದ ಹಗ್ಗ

"ಈ ಸಲ ಜನ ಮುಗಿಬೀಳ್ತಾರೆ ಮಾವಯ್ಯ. ಎಲ್ಲಿ ಮಲಗಿಸ್ತೀರಿ?"

ವಸಂತದಲ್ಲಿ ಬುರುಲ್ ಹೀಗೆಂದು ಹಟ ಹಿಡಿದಳು. ಗಂಡ ರಷ್ಯದಲ್ಲಿ ದುಡಿಯುತ್ತಿದ್ದ. ಮನೆಯ ಯಜಮಾನಿಕೆ ಅವಳದೇ. ಹೋದ ಬೇಸಿಗೆ ಸೋನ್‌ಕುಲ್ ಸರೋವರದ ದಡದ ಹುಲ್ಲುಗಾವಲಿನಲ್ಲಿದ್ದ ಅವರ ಎರಡು ಗುಡಾರಗಳಲ್ಲಿ ಜಾಗವಿಲ್ಲದೆ ಎಷ್ಟೋ ಪ್ರವಾಸಿಗರು ಹಿಂದಿರುಗಿದ್ದರು. ಹಾಗೆ ಹೋದವರೇ ಅವಳ ಕಣ್ಣಿಗೆ ಕಟ್ಟಿದ್ದರು. ಬಂದವರು ಯಾಕೆ ಬಂದರೆಂದು ಒಬ್ಬರನ್ನೂ ಕೇಳಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೆ ಅಷ್ಟು ವ್ಯವಧಾನ ಎಲ್ಲಿಯದು!

ಹೊಸ ಗುಡಾರಗಳಿಗಾಗಿ ಹಾಲು ಕೊಡುವ ಕುದುರೆಗಳನ್ನು ಮರಿಗಳ ಸಮೇತ ಆಚೆ ದಡದವರಿಗೆ ಮಾರಬೇಕಾಯಿತು.

"ಕುದುರೆ ಇಲ್ದೆ ಹುಲ್ಲುಗಾವಲಿಗೆ ಹೋಗಿ ಏನಮ್ಮ ಮಾಡೋದು?" ಎಂದ ಮಾವ ಸಪರ್‌ಬೆಕ್.

"ಹಾಲು ಕರೀತಾ ಕೂತ್ರೆ ಉದ್ಧಾರ ಆದ ಹಾಗೇ!"

ಮುದುಕ, ಮಾರಿದ ಕುದುರೆಯ ಜೊತೆ ಹಗ್ಗವೂ ಹೋದರೆ ಮನೆಯ ಭಾಗ್ಯವೇ ಹೋಗುತ್ತದೆಂದು ಹಗ್ಗಗಳನ್ನಷ್ಟೇ ಬಿಚ್ಚಿ ಉಳಿಸಿಕೊಂಡ.

ಜುಲೈನಲ್ಲಿ ಹೋದ ವರ್ಷದ ಅತಿಥಿ, ಅಲ್ಮಾಟಿ ಪಟ್ಟಣದ ಗೌಖರ್, ಎರಡು ಕಾರು ತುಂಬ ಬಂಧುಗಳನ್ನು ಕರೆತಂದಳು. ಬುರುಲ್ ಹಿಗ್ಗಿಹೋದಳು.

"ಬನ್ನಿ ಅಕ್ಕಾ, ಈ ಸಲ ಎಲ್ಲರಿಗೂ ಹಾಸಿಗೆ ಇದೆ."

"ಹಾಸಿಗೆ ಇರ್ಲಿ ಕಣೇ, ಮರಿಗಳೆಲ್ಲಿ? ಅಮ್ಮನಿಗೆ ಆಗತಾನೆ ಕರೆದ ಕುದುರೆ ಹಾಲು ಕುಡಿಸ್ಬೇಕು ಅಂತ ಇಷ್ಟು ದೂರ ಕರ್ಕೊಂಡ್ಬಂದೆ."

"ಪೇಟೆಯಿಂದ ಬಾಟ್ಲಿ ತರಿಸಿದೀನಲ್ಲಾ..."

"ಬಾಟ್ಲಿ ಹಾಲು ಕುಡಿಯೋಕೆ ಅಲ್ಮಾಟಿ ಸಾಕಾಗಿತ್ತು!"

ಮರ್ಯಾದೆಗೆಂದು ಚಹಾ ಕುಡಿದರು. ಹಾಲು ಎಲ್ಲಿ ಸಿಗುತ್ತದೆಂದು ಕೇಳಿದಾಗ ಬುರುಲ್ ತಾನೇ ಆಚೆ ದಡ ತೋರಿಸಬೇಕಾಯಿತು. ಕಾರುಗಳು ಅತ್ತ ಹೋದವು. ಆಮೇಲೆ ಬಂದವರೂ ಖಾಲಿ ಬಯಲು ನೋಡಿ ಅದೇ ದಾರಿ ಹಿಡಿದರು.

ಬೇಸಿಗೆ ಮುಗಿಯುತ್ತ ಬಂದ ಒಂದು ಸಂಜೆ, ಮಾವ ಮರಿ ಕಟ್ಟುವ ಉದ್ದ ಹಗ್ಗವನ್ನು ಗೂಟದಿಂದ ಗೂಟಕ್ಕೆ ಎಳೆದು ಬಿಗಿಯುತ್ತಿದ್ದ. ಬುರುಲ್ ಹತ್ತಿರ ಬಂದು ಹಗ್ಗದ ತುದಿ ಹಿಡಿದಳು.

"ತಪ್ಪಾಯ್ತು ಮಾವಯ್ಯ. ನಾಲ್ಕು ಮಾತು ಬೈದುಬಿಡಿ."

"ಬೈದು ಏನ್ ಬಂತು."

"ನಾವು ಮಾರಿದ ಆ ಬೂದು ಕುದುರೆಗೆ ನೀವಂದ್ರೆ ಪ್ರಾಣ. ಒಂದಿನ ತಪ್ಪಿಸಿಕೊಂಡು ಬರಲ್ವಾ?"

ಮುದುಕ ಗಂಟು ಬಿಗಿದು, ಆಚೆ ದಡದ ಹೊಗೆ ನೋಡಿದ.

"ಮರಿ ಎಲ್ಲಿ ಕಟ್ಟಿರ್ತಾರೋ ತಾಯಿ ಅಲ್ಲಿಗೇ ಹೋಗೋದು, ಮಗಳೇ. ಕರೆಯೋದೇ ಬೇಡ. ಮರಿ ಅಲ್ಲಿದೆಯಲ್ಲ."

ಬುರುಲ್ ಹೊಸ ಗುಡಾರದೊಳಗೆ ಹೋಗಿ, ಯಾರೂ ಮಲಗದ ಹಾಸಿಗೆಗಳನ್ನು ಒಂದೊಂದಾಗಿ ಮಡಿಸಿಟ್ಟಳು.